ಅರವತ್ತರ ಅರಳು ಮರಳು ವಿಧಿಯಲ್ಲ: ಮರೆವಿನ ರೋಗದ ತಡೆಗೆ ಗಡಿ ಕನ್ನಡದ ಮನೆ ಮತ್ತು ಶಾಲೆ

ದೀಪಾವಳಿ ಕಳೆಯುತ್ತಿದ್ದಂತೆ ಕೋಸಗಿ, ಕೌತಾಳ, ಪೆದ್ದಕಡಬೂರು, ಹೊಳಗುಂದ ಮಂಡಲಗಳ ಅನೇಕ ಗ್ರಾಮಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ದುಡಿಯುವ ವಯಸ್ಸಿನವರು ಗುಂಟೂರು ಸೀಮೆಯ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಬೀಗ ಬೀಳದ ಮನೆಗಳಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಶಾಲೆ ಬಿಡದ ಮೊಮ್ಮಕ್ಕಳು.

ಇಂಥ ಮನೆಯಲ್ಲಿ ಅಜ್ಜಿ ಒಲೆಯ ಮೇಲಿಟ್ಟ ಪಾತ್ರೆಯನ್ನು ಮರೆತರೆ, ಪಡಿತರ ಚೀಟಿ ಇಟ್ಟ ಜಾಗ ನೆನಪಾಗದೆ ದಿನವೆಲ್ಲ ಹುಡುಕಿದರೆ, ಕೇಳಿದ ಮಾತನ್ನೇ ಮತ್ತೆ ಮತ್ತೆ ಕೇಳಿದರೆ ಅದನ್ನು ಮೊದಲು ಗಮನಿಸುವುದು ಮನೆಯಲ್ಲಿರುವ ಶಾಲಾ ಬಾಲಕಿ. ಅವಳು ಫೋನಿನಲ್ಲಿ ಹೇಳಿದರೆ ದೂರದ ತಂದೆತಾಯಿಗಳಿಂದ ಬರುವ ಉತ್ತರ ನಮಗೆಲ್ಲ ಪರಿಚಿತ: ‘ಅರವತ್ತಕ್ಕೆ ಅರಳು ಮರಳು’. ಮಾತಿನಲ್ಲಿ ಅನುಕಂಪವಿದೆ. ಆದರೆ ವಯಸ್ಸಾದ ಮೇಲೆ ಮತಿ ಕೆಡುವುದು ಸಹಜ, ಅದಕ್ಕೆ ಮಾಡುವಂಥದ್ದೇನೂ ಇಲ್ಲ ಎಂಬ ಎರಡು ತಪ್ಪು ನಂಬಿಕೆಗಳೂ ಅದರಲ್ಲಿ ಅಡಗಿವೆ.

ವೈದ್ಯರು ಡಿಮೆನ್ಶಿಯಾ ಎಂದು ಕರೆಯುವ ಮರೆವಿನ ರೋಗ ಮುಪ್ಪಿನ ಸಹಜ ಹಂತವಲ್ಲ, ಮಿದುಳಿನ ಕಾಯಿಲೆ. ಬಂದ ಮೇಲೆ ಸಂಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲ. ಆದರೆ ಅದರ ಗಣನೀಯ ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಕಳೆದ ಹತ್ತು ವರ್ಷಗಳಲ್ಲಿ ಸ್ಪಷ್ಟವಾಗಿದೆ. ಆ ತಡೆಯ ದಾರಿಗಳು ಆದವಾನಿ ಸೀಮೆಯ ಕನ್ನಡ ಮನೆಗಳಿಗೆ ಯಾವ ರೂಪದಲ್ಲಿ, ಯಾವ ಭಾಷೆಯಲ್ಲಿ ತಲುಪಬೇಕು ಎಂಬುದೇ ಈ ಲೇಖನದ ಪ್ರಶ್ನೆ. ಅದಕ್ಕೆ ಬೇಕಾದ ಸಂಸ್ಥೆಗಳಲ್ಲಿ ಒಂದು ಈಗಾಗಲೇ ನಮ್ಮ ಊರುಗಳಲ್ಲಿದೆ. ಅದು ಕನ್ನಡ ಮಾಧ್ಯಮ ಶಾಲೆ.

ಅಂಕಿಗಳು ಹೇಳುವುದು

ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಈ ರೋಗದೊಂದಿಗೆ ಬದುಕುತ್ತಿದ್ದಾರೆ ಎಂದು ದೇಶವ್ಯಾಪಿ ಸಮೀಕ್ಷೆಯೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. 2036ರ ಹೊತ್ತಿಗೆ ಈ ಸಂಖ್ಯೆ 1.69 ಕೋಟಿಗೆ ಏರಬಹುದು. ಒಟ್ಟು ಸಂಖ್ಯೆಗಿಂತ ಅದರ ಹಂಚಿಕೆ ನಮಗೆ ಮುಖ್ಯ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ರೋಗದ ಪ್ರಮಾಣ ಹೆಚ್ಚು ಎಂಬುದು ಆ ಅಧ್ಯಯನದ ಫಲಿತಾಂಶ.

2011ರ ಜನಗಣತಿಯಲ್ಲಿ ಅಂದಿನ ಅವಿಭಜಿತ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇಕಡ 60ರ ಆಸುಪಾಸಿನಲ್ಲಿತ್ತು. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಜಿಲ್ಲೆಯ ಪಶ್ಚಿಮದ ಮಂಡಲಗಳ ಸ್ಥಿತಿ ಇದಕ್ಕಿಂತ ಹಿಂದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹೆಣ್ಣು, ಹಳ್ಳಿ, ಅನಕ್ಷರತೆ ಮೂರೂ ಕೂಡುವ ಸ್ಥಳದಲ್ಲಿ ನಮ್ಮ ಅಜ್ಜಿಯರು ನಿಂತಿದ್ದಾರೆ.

‘ಲ್ಯಾನ್ಸೆಟ್’ ವೈದ್ಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರ ವರದಿಯಲ್ಲಿ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಬಾಲ್ಯದಲ್ಲಿ ಶಿಕ್ಷಣದ ಕೊರತೆ, ಕಿವಿ ಮಂದವಾಗುವುದು, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಪೆಟ್ಟು, ದೇಹಕ್ಕೆ ಚಟುವಟಿಕೆಯಿಲ್ಲದಿರುವುದು, ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಅತಿಯಾದ ಮದ್ಯಪಾನ, ಒಂಟಿತನ, ಹೊಗೆ ತುಂಬಿದ ಗಾಳಿ, ಚಿಕಿತ್ಸೆಯಿಲ್ಲದೆ ಕುಂದಿದ ದೃಷ್ಟಿ. ಇವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಮರೆವಿನ ರೋಗದಲ್ಲಿ ಶೇಕಡ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಆಯೋಗದ ಲೆಕ್ಕ. ಇದು ಇಡೀ ಜನಸಮುದಾಯದ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಗೆ ಕೊಡುವ ಭರವಸೆಯಲ್ಲ. ಎಲ್ಲ ಎಚ್ಚರಿಕೆ ವಹಿಸಿದವರಿಗೂ ರೋಗ ಬರಬಹುದು. ಆದಕಾರಣ ರೋಗ ಬಂದ ಮನೆಯವರನ್ನು ‘ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದು ದೂರುವುದು ಅನ್ಯಾಯ.

ಮೂರು ಪ್ರಯೋಗಗಳು, ಒಂದು ಪಾಠ

ಜೀವನಕ್ರಮದ ಬದಲಾವಣೆಯಿಂದ ಬುದ್ಧಿಶಕ್ತಿಯನ್ನು ಕಾಪಾಡಬಹುದೆಂದು ದೊಡ್ಡ ಪ್ರಮಾಣದಲ್ಲಿ ಮೊದಲು ತೋರಿಸಿದ್ದು ಫಿನ್ಲೆಂಡ್. ಅಲ್ಲಿ 60ರಿಂದ 77 ವರ್ಷ ವಯಸ್ಸಿನ 1,260 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಕಾಲ ಆಹಾರ ಸಲಹೆ, ವ್ಯಾಯಾಮ, ಬುದ್ಧಿಗೆ ಕೆಲಸ ಕೊಡುವ ಅಭ್ಯಾಸ, ರಕ್ತದೊತ್ತಡ ಮುಂತಾದವುಗಳ ತಪಾಸಣೆ ಈ ನಾಲ್ಕನ್ನೂ ಒಟ್ಟಿಗೆ ಒದಗಿಸಿದರು. 2015ರಲ್ಲಿ ಫಲಿತಾಂಶ ಹೊರಬಂದಾಗ ಆ ಗುಂಪಿನವರ ನೆನಪು ಮತ್ತು ಯೋಚನಾಶಕ್ತಿಯ ಪರೀಕ್ಷೆಗಳ ಸುಧಾರಣೆ ಉಳಿದವರಿಗಿಂತ ಹೆಚ್ಚಾಗಿತ್ತು. ರೋಗವೇ ಬರದಂತೆ ತಡೆಯಿತೆಂದು ಆ ಪ್ರಯೋಗ ಸಾಧಿಸಲಿಲ್ಲ, ದಾರಿಯೊಂದನ್ನು ತೋರಿಸಿತು.

ಅಮೆರಿಕದಲ್ಲಿ ಅದೇ ಮಾದರಿಯಲ್ಲಿ 2,111 ಹಿರಿಯರ ಮೇಲೆ ನಡೆದ ಪ್ರಯೋಗದ ಫಲ 2025ರಲ್ಲಿ ಪ್ರಕಟವಾಯಿತು. ಒಂದು ಗುಂಪು ಎರಡು ವರ್ಷಗಳಲ್ಲಿ 38 ಬಾರಿ ನೆರೆಹೊರೆಯವರೊಡನೆ ಸಭೆ ಸೇರಿ ನಿಯಮಬದ್ಧವಾಗಿ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಆರು ಸಭೆಗಳಿಗೆ ಮಾತ್ರ ಬಂದು ತಮ್ಮಿಷ್ಟದಂತೆ ನಡೆದುಕೊಂಡಿತು. ಎರಡೂ ಗುಂಪುಗಳ ಫಲಿತಾಂಶ ಉತ್ತಮಗೊಂಡಿತು, ಮೊದಲನೆಯ ಗುಂಪಿನದು ಇನ್ನಷ್ಟು ಹೆಚ್ಚು. ಸಲಹೆ ಕೇಳಿ ಮನೆಗೆ ಹೋಗುವುದಕ್ಕಿಂತ ನಾಲ್ಕು ಜನರ ಜೊತೆ ಕೂಡಿ ಮಾಡುವುದರಲ್ಲಿ ಬಲವಿದೆ ಎಂಬುದು ಇದರ ಅರ್ಥ.

ನಮಗೆ ಹತ್ತಿರದ ಪಾಠ ಬಂದಿರುವುದು ಚೀನಾದ ಹಳ್ಳಿಗಳಿಂದ. ಅಲ್ಲಿಯ 326 ಗ್ರಾಮಗಳಲ್ಲಿ ರಕ್ತದೊತ್ತಡ ಹತೋಟಿಯಲ್ಲಿಲ್ಲದ 33,995 ಮಂದಿಯನ್ನು ನಾಲ್ಕು ವರ್ಷ ಗಮನಿಸಲಾಯಿತು. ಅರ್ಧದಷ್ಟು ಗ್ರಾಮಗಳಲ್ಲಿ ದೊಡ್ಡ ಪದವಿಯಿಲ್ಲದ ಹಳ್ಳಿ ವೈದ್ಯರೇ ನಿಗದಿತ ಕ್ರಮದಂತೆ ಮಾತ್ರೆ ಕೊಟ್ಟು, ಉಪ್ಪು ಮುಂತಾದವುಗಳ ಬಗ್ಗೆ ತಿಳಿಹೇಳಿ, ಒತ್ತಡವನ್ನು ಇಳಿಸಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗ್ರಾಮಗಳಲ್ಲಿ ಮರೆವಿನ ರೋಗ ಶೇಕಡ 15ರಷ್ಟು ಕಡಿಮೆಯಾಗಿತ್ತು. ನರರೋಗ ತಜ್ಞರು, ಸ್ಕ್ಯಾನ್ ಯಂತ್ರಗಳು ಇಲ್ಲದ ಕಡೆಯೂ ಅಗ್ಗದ ಮಾತ್ರೆ, ನಿಯಮಿತ ಭೇಟಿ, ರೋಗಿಗೆ ಅರ್ಥವಾಗುವ ಮಾತು ಇಷ್ಟರಿಂದಲೇ ಈ ಕೆಲಸ ಸಾಧ್ಯವಾಯಿತು.

ನಮ್ಮಲ್ಲಿಯೂ ಗ್ರಾಮ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ಎ.ಎನ್.ಎಂ., 104 ವಾಹನ ಇವೆ. 30 ವರ್ಷ ದಾಟಿದವರ ಬಿ.ಪಿ., ಶುಗರ್ ತಪಾಸಣೆ ಸರ್ಕಾರದ ಕಾರ್ಯಕ್ರಮವೇ ಆಗಿದೆ. ಮಾತ್ರೆ ಉಚಿತ. ಆದರೆ ‘ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಏಕೆ’ ಎಂದು ನಡುವೆಯೇ ಬಿಟ್ಟುಬಿಡುವುದು ಮನೆಮನೆಯ ಕಥೆ. ಗುಳೆ ಹೋದವರ ಮಾತ್ರೆಯಂತೂ ಊರಿನಲ್ಲಿಯೇ ಉಳಿಯುತ್ತದೆ. ನಡುವಯಸ್ಸಿನ ರಕ್ತದೊತ್ತಡವೇ ಮುಂದೆ ಮರೆವಾಗಿ ಕಾಡಬಹುದೆಂದು ಯಾರಾದರೂ ಅವರಿಗೆ ಅವರ ಭಾಷೆಯಲ್ಲಿ ಹೇಳಿದ್ದರೆ ಕೆಲವರಾದರೂ ಆ ಚೀಟಿಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

ನೆಲಕ್ಕೆ ಹೊಂದುವ ಕ್ರಮ

ಹೊರದೇಶದ ಕೈಪಿಡಿಯನ್ನು ಕನ್ನಡಕ್ಕೆ ತರ್ಜುಮೆ ಮಾಡಿದರೆ ಅದು ನಮ್ಮದಾಗುವುದಿಲ್ಲ. ಯಾರಿಗೆ ಏನು ಹೇಳಬೇಕು ಎಂಬುದೇ ಇಲ್ಲಿ ಬೇರೆ. ಬೆಳಗಿನಿಂದ ಸಂಜೆಯವರೆಗೆ ಬಾಗಿ ಹತ್ತಿ ಬಿಡಿಸುವ ಹೆಂಗಸಿಗೆ ‘ದಿನಕ್ಕೆ ಅರ್ಧ ಗಂಟೆ ನಡೆಯಿರಿ’ ಎಂದರೆ ಅವಳು ನಗುತ್ತಾಳೆ, ನಗುವುದು ನ್ಯಾಯವೇ. ಅವಳ ಅಪಾಯ ಇರುವುದು ರಕ್ತದೊತ್ತಡದಲ್ಲಿ, ಒಲೆಯ ಹೊಗೆಯಲ್ಲಿ, ಬಾರದ ಅಕ್ಷರದಲ್ಲಿ, ಮುಂದೆ ಮೈಯಲ್ಲಿ ಶಕ್ತಿ ಕುಂದಿ ಮನೆಯಲ್ಲಿ ಒಬ್ಬಳೇ ಕೂರಬೇಕಾದಾಗಿನ ಒಂಟಿತನದಲ್ಲಿ. ಆದವಾನಿಯ ಅಂಗಡಿಯ ಗಲ್ಲದ ಮೇಲೆ ದಿನವಿಡೀ ಕೂರುವ ವ್ಯಾಪಾರಿಗೆ, ನಿವೃತ್ತ ನೌಕರನಿಗೆ ಮಾತ್ರ ನಡಿಗೆಯ ಸಲಹೆ ಮೊದಲನೆಯದು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನವೂ ಬೆಳಗ್ಗೆ ಗುಡಿಯ ಪ್ರದಕ್ಷಿಣೆಯನ್ನೋ ಮಸೀದಿಯವರೆಗಿನ ನಡಿಗೆಯನ್ನೋ ಸ್ವಲ್ಪ ದೂರ ಮಾಡಿಕೊಂಡರೆ ಆ ಲೆಕ್ಕ ತುಂಬುತ್ತದೆ.

ಆಹಾರದ ವಿಷಯದಲ್ಲಿ ಮೆಡಿಟರೇನಿಯನ್ ಸಮುದ್ರ ತೀರದ ಊಟವನ್ನು ಜಗತ್ತೆಲ್ಲ ಹೊಗಳುತ್ತದೆ. ಇಡಿ ಧಾನ್ಯ, ಬೇಳೆಕಾಳು, ಸೊಪ್ಪು ತರಕಾರಿ, ಎಣ್ಣೆಬೀಜ ಇವು ಅದರ ತಿರುಳು. ಆ ತಿರುಳು ನಮ್ಮ ಹಳೆಯ ಊಟದಲ್ಲಿಯೂ ಇತ್ತು: ಜೋಳದ ರೊಟ್ಟಿ, ನವಣೆ ಅನ್ನ, ಪುಂಡಿಪಲ್ಯ, ಮೆಂತ್ಯದ ಸೊಪ್ಪು, ಹೆಸರುಕಾಳು, ಗುರೆಳ್ಳು ಮತ್ತು ಅಗಸೆಯ ಹಿಂಡಿ. ಪಡಿತರ ಅಕ್ಕಿ ಬಂದು ಹಸಿವು ನೀಗಿತು, ಅದನ್ನು ಮರೆಯಬಾರದು. ಆದರೆ ರೊಟ್ಟಿ ಬಡಿಯುವ ಶ್ರಮ ತಪ್ಪಿದ ಮನೆಗಳಲ್ಲಿ ಮೂರು ಹೊತ್ತೂ ಬಿಳಿ ಅನ್ನ, ಸಂಜೆಗೆ ಮಿರ್ಚಿ ಬಜ್ಜಿ ಎಂಬಲ್ಲಿಗೆ ಊಟ ಬಂದು ನಿಂತಿರುವುದೂ ನಿಜ. ಒಂದು ಹೊತ್ತಾದರೂ ರೊಟ್ಟಿ, ಪಲ್ಯ, ಬೇಳೆಗೆ ಮರಳುವುದು ಖರ್ಚಿನ ಮಾತಲ್ಲ. ಉಪ್ಪಿನ ವಿಷಯದಲ್ಲಿ ಮಾತ್ರ ಹಳೆಯ ಊಟವನ್ನೂ ಹೊಗಳಲಾಗದು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಖಾರದ ಹಿಂಡಿಗಳಲ್ಲಿ ಸೇರಿರುವ ಉಪ್ಪನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ಮನೆಗಳು ಆ ಮಿತಿಯೊಳಗೆ ನಿಲ್ಲುವುದು ಕಷ್ಟ. ಇನ್ನು ನೆನಪಿನ ಶಕ್ತಿಗೆಂದು ಮಾರುವ ಮಾತ್ರೆಗಳ ಮಾತು. ಮರೆವಿನ ರೋಗ ತಡೆಯಲು ಬಿ ಮತ್ತು ಇ ವಿಟಮಿನ್, ಮೀನೆಣ್ಣೆಯ ಮಾತ್ರೆಗಳನ್ನು ಸೇವಿಸುವುದನ್ನು 2019ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಆ ಹಣ ತರಕಾರಿಗೆ ಹೋಗುವುದು ಲೇಸು.

ತಲೆಯ ಪೆಟ್ಟಿನ ಬಗ್ಗೆ ಈ ಸೀಮೆಯಲ್ಲಿ ಮಾತನಾಡುವಾಗ ದೇವರಗಟ್ಟನ್ನು ಬಿಡಲಾಗದು. ವಿಜಯದಶಮಿಯ ರಾತ್ರಿ ಹೊಳಗುಂದ ಮಂಡಲದ ಆ ಗುಡ್ಡದಲ್ಲಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಸುತ್ತಲಿನ ಗ್ರಾಮಗಳ ಭಕ್ತರು ದೊಣ್ಣೆ ಹಿಡಿದು ಸೆಣಸುವ ಬನ್ನಿ ಉತ್ಸವದಲ್ಲಿ ಪ್ರತಿವರ್ಷ ಅನೇಕರ ತಲೆಗೆ ಪೆಟ್ಟಾಗುತ್ತದೆ. ಗಾಯಕ್ಕೆ ಭಂಡಾರ ಹಚ್ಚಿಕೊಂಡು ಮುಂದೆ ಸಾಗುವುದು ಅಲ್ಲಿಯ ನಂಬಿಕೆ. ಪೊಲೀಸರ ನಿರ್ಬಂಧಗಳು ಇದುವರೆಗೆ ಹೆಚ್ಚು ಫಲ ಕೊಟ್ಟಿಲ್ಲ. ಹೊರಗಿನವರು ಆ ಉತ್ಸವವನ್ನು ಬರಿಯ ಕ್ರೌರ್ಯವೆಂದು ಕರೆದು ಮುಗಿಸುತ್ತಾರೆ. ಅದರಿಂದ ಯಾರ ಮನಸ್ಸೂ ಬದಲಾಗಿಲ್ಲ. ಇಪ್ಪತ್ತೈದರಲ್ಲಿ ಬಿದ್ದ ಪೆಟ್ಟು ಎಪ್ಪತ್ತರಲ್ಲಿ ನೆನಪನ್ನು ಕಸಿಯುವ ಅಪಾಯವನ್ನು ಹೆಚ್ಚಿಸುತ್ತದೆ ಎಂಬ ಮಾತನ್ನು ಗ್ರಾಮದ ಹಿರಿಯರ ಬಾಯಲ್ಲಿ ಕೇಳಿಸಿದರೆ, ಕಬ್ಬಿಣದ ಬಳೆಗಳಿಲ್ಲದ ದೊಣ್ಣೆ, ದಪ್ಪನೆಯ ರುಮಾಲು, ಗಾಯಗೊಂಡವರನ್ನು ಕೂಡಲೇ ವೈದ್ಯರ ಬಳಿಗೆ ಒಯ್ಯುವ ಒಪ್ಪಂದ ಇಷ್ಟಾದರೂ ಸಾಧ್ಯವಾಗಬಹುದು. ವರ್ಷದ ಉಳಿದ ದಿನಗಳಲ್ಲಿ ಹೆಲ್ಮೆಟ್ ಇಲ್ಲದ ಬೈಕ್ ಸವಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಿವಿ, ಕಣ್ಣುಗಳನ್ನು ನಾವು ಮುಪ್ಪಿನ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. ಕಿವಿ ಕೇಳದವರು ಮೊದಲು ಮಾತುಕತೆಯಿಂದ, ಅನಂತರ ಜನರಿಂದ ದೂರವಾಗುತ್ತಾರೆ. ಮಿದುಳಿಗೆ ಸಿಗುವ ಕೆಲಸ ಕಡಿಮೆಯಾಗುತ್ತದೆ. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಶ್ರವಣಯಂತ್ರ, ಕನ್ನಡಕ ಮುಂತಾದವನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಅದರ ಶಿಬಿರ ನಮ್ಮ ಮಂಡಲಕ್ಕೆ ಯಾವಾಗ ಬರುತ್ತದೆಂದು ಕೇಳುವವರು ಬೇಕು.

ಒಂಟಿತನ, ಖಿನ್ನತೆಗಳಿಗೆ ಮದ್ದು ಹುಡುಕಲು ಬಹು ದೂರ ಹೋಗಬೇಕಿಲ್ಲ. ಗೋವಾದಲ್ಲಿ ಸಣ್ಣ ಮಟ್ಟದ ಬೇಸರದ ಲಕ್ಷಣಗಳಿದ್ದ, 60 ವರ್ಷ ದಾಟಿದ 181 ಮಂದಿಯ ನಡುವೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ಹಿರಿಯರೊಡನೆ ಕುಳಿತು ಕಷ್ಟಗಳನ್ನು ಒಂದೊಂದಾಗಿ ಬಿಡಿಸುವುದು, ನಿದ್ರೆಯ ಕ್ರಮ, ಸಕ್ಕರೆ ಕಾಯಿಲೆಯ ಆರೈಕೆ, ಸರ್ಕಾರದ ಸವಲತ್ತು ಪಡೆಯುವ ಬಗೆ ಇವನ್ನು ಹೇಳಿಕೊಟ್ಟರು. ಒಂದು ವರ್ಷದಲ್ಲಿ ತೀವ್ರ ಖಿನ್ನತೆಗೆ ಜಾರಿದವರು ಆ ಗುಂಪಿನಲ್ಲಿ ಶೇಕಡ 4ರಷ್ಟು, ಉಳಿದವರಲ್ಲಿ ಶೇಕಡ 14ರಷ್ಟು. ನಮ್ಮಲ್ಲಿ ತಿಂಗಳ ಮೊದಲ ದಿನ ಸಚಿವಾಲಯದ ಸಿಬ್ಬಂದಿ ಪಿಂಚಣಿ ಕೊಡಲು ಪ್ರತಿ ಹಿರಿಯರ ಮನೆಬಾಗಿಲಿಗೆ ಬರುತ್ತಾರೆ. ಊರಿನ ಎಲ್ಲ ಮುದುಕರನ್ನೂ ತಪ್ಪದೆ ಭೇಟಿಯಾಗುವ ಇಂಥ ಇನ್ನೊಂದು ವ್ಯವಸ್ಥೆ ಇಲ್ಲ. ‘ಮಾತ್ರೆ ತಗೊಂಡಿರಾ, ಯಾರ ಜೊತೆಯಾದರೂ ಮಾತಾಡಿದಿರಾ’ ಎಂಬ ಎರಡು ಪ್ರಶ್ನೆಗಳನ್ನು ಆ ಭೇಟಿಗೆ ಸೇರಿಸಲು ಹಣ ಬೇಕಿಲ್ಲ. ಭಜನೆಯ ಮೇಳ, ತತ್ವಪದ, ಕೋಲಾಟ, ಕಟ್ಟೆಯ ಮೇಲಿನ ಪಗಡೆ, ಚೌಕಾಬಾರ, ಹುಲಿಕುರಿಯಾಟಗಳು ನೆನಪಿಗೂ ಲೆಕ್ಕಕ್ಕೂ ಒಡನಾಟಕ್ಕೂ ಒಟ್ಟಿಗೆ ಒದಗುವ ಅಭ್ಯಾಸಗಳು. ಮೊಬೈಲು ಬಂದ ಮೇಲೆ ಕಟ್ಟೆಗಳು ಖಾಲಿಯಾದವು; ಅವನ್ನು ಮತ್ತೆ ತುಂಬಿಸುವುದೇ ನಮ್ಮ ಕಾರ್ಯಕ್ರಮವಾಗಬೇಕು.

ಭಾಷೆ ಎಂಬ ಬಾಗಿಲು

ಇಲ್ಲಿಯವರೆಗೆ ಹೇಳಿದ್ದೆಲ್ಲ ತೆಲುಗು ಮನೆಗೂ ಕನ್ನಡ ಮನೆಗೂ ಸಮಾನ. ಭಾಷೆಯ ವಿಷಯದಲ್ಲಿ ಮಾತ್ರ ನಮ್ಮ ಪರಿಸ್ಥಿತಿ ಬೇರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟವು. ಇಂದು ಈ ಸೀಮೆಯಲ್ಲಿ 75 ದಾಟಿದವರು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಮರೆವಿನ ರೋಗದ ಅಪಾಯ ಹೆಚ್ಚಾಗಿರುವುದು ಈ ತಲೆಮಾರಿಗೇ. ಕನ್ನಡ ಮನೆಗಳ ಹಿರಿಯರಲ್ಲಿ ಅನೇಕರು ತೆಲುಗನ್ನು ಸಂತೆಯಲ್ಲಿ, ಕಚೇರಿಯಲ್ಲಿ ತಡವಾಗಿ ಕಲಿತವರು. ರೋಗ ಮುಂದುವರಿದಂತೆ ಅನೇಕರಲ್ಲಿ ತಡವಾಗಿ ಕಲಿತ ನುಡಿ ಮೊದಲು ಹಿಂಜರಿದು ತಾಯ್ನುಡಿ ಉಳಿಯುವುದನ್ನು ವೈದ್ಯರು ಗಮನಿಸಿದ್ದಾರೆ. ಆರೋಗ್ಯ ಕೇಂದ್ರದ ಗೋಡೆಯ ಬರಹ, ಕಾರ್ಯಕರ್ತೆಯ ಪ್ರಶ್ನೆ, ವೈದ್ಯರ ಸಲಹೆ ಎಲ್ಲವೂ ತೆಲುಗಿನಲ್ಲಿಯೇ ಇದ್ದರೆ, ಸಹಾಯ ಅತ್ಯಗತ್ಯವಾದ ಹೊತ್ತಿನಲ್ಲೇ ಅಜ್ಜನ ಪಾಲಿಗೆ ಆ ಬಾಗಿಲು ಮುಚ್ಚುತ್ತದೆ.

ಪರೀಕ್ಷೆಯ ಹಂತದಲ್ಲಿ ಇದು ಇನ್ನೂ ಗಂಭೀರ. ನೆನಪಿನ ಪರೀಕ್ಷೆಯೆಂದರೆ ಪ್ರಶ್ನೋತ್ತರ. ‘ಇವತ್ತು ಯಾವ ತಾರೀಖು’ ಎಂದರೆ ತಡವರಿಸುವ ಅಜ್ಜಿ, ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತೆಂದು ಥಟ್ಟನೆ ಹೇಳಬಲ್ಲಳು. ಬಾರದ ಭಾಷೆಯಲ್ಲಿ, ಬಳಸದ ಲೆಕ್ಕದಲ್ಲಿ ಕೇಳಿದರೆ ಆರೋಗ್ಯವಂತರೂ ರೋಗಿಗಳಂತೆ ಕಾಣುತ್ತಾರೆ. ನಿಜವಾದ ರೋಗಿಗಳ ತಪ್ಪು ಉತ್ತರವನ್ನು ‘ಭಾಷೆ ಬರುವುದಿಲ್ಲ’ ಎಂದು ಬಿಟ್ಟುಬಿಡುವ ಅಪಾಯವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನರಿತು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸಿದೆ. ಕನ್ನಡದ ಸಾಮಗ್ರಿ ಇದೆ, ತೆಲುಗಿನದೂ ಇದೆ. ಎರಡನ್ನೂ ಒಂದೇ ಆಸ್ಪತ್ರೆಯಲ್ಲಿ ಇಡುವುದಷ್ಟೇ ಆದವಾನಿಗೆ ಬೇಕಾದದ್ದು.

ಗಡಿಯಾಚೆ ಕೆಲಸ ನಡೆದಿದೆ. ನಿಮ್ಹಾನ್ಸ್ ಸಹಯೋಗದಲ್ಲಿ ಕರ್ನಾಟಕ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಮೂರು ಕಡೆ ನಡೆದು, 2024ರಲ್ಲಿ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ. ಶ್ರೀನಿವಾಸಪುರವೂ ಗಡಿ ಸೀಮೆಯೇ. ಅಲ್ಲಿ ಕರ್ನಾಟಕದೊಳಗೆ ತೆಲುಗು ಮನೆಮಾತಿನವರಿದ್ದಾರೆ, ಇಲ್ಲಿ ಆಂಧ್ರದೊಳಗೆ ಕನ್ನಡ ಮನೆಮಾತಿನವರು. ಎರಡು ನುಡಿಗಳ ಹಳ್ಳಿಯಲ್ಲಿ ಇಂಥ ಕೆಲಸ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬಳ್ಳಾರಿ ನಮಗೆ ಕರ್ನೂಲಿಗಿಂತ ಹತ್ತಿರ. ಅಲ್ಲಿ ಕನ್ನಡದಲ್ಲಿ ಸಿಗುವ ತಿಳಿವಳಿಕೆ ರಾಜ್ಯದ ಗಡಿಗಲ್ಲಿನ ಬಳಿ ನಿಂತುಬಿಡುವುದಕ್ಕೆ ಆಡಳಿತದ ಕಾರಣವಲ್ಲದೆ ಬೇರೆ ಕಾರಣವಿಲ್ಲ.

ಎರಡು ನುಡಿಗಳ ಬದುಕು ನಮಗೆ ಹೊರೆ ಮಾತ್ರವಲ್ಲ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಹೈದರಾಬಾದಿನಲ್ಲಿ ಮರೆವಿನ ರೋಗದ 648 ಮಂದಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲಿಯೂ ಈ ಅಂತರ ಕಂಡಿತು. ಬೇರೆ ದೇಶಗಳ ದೀರ್ಘಾವಧಿ ಅಧ್ಯಯನಗಳಲ್ಲಿ ಇದೇ ಫಲ ಎಲ್ಲ ಕಡೆಯೂ ದೊರೆತಿಲ್ಲವಾದ್ದರಿಂದ ಇದನ್ನು ಕೊನೆಯ ಮಾತೆಂದು ಹಿಡಿಯಬಾರದು. ಆದರೂ ‘ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಎಂದರೆ ಮಗುವಿನ ತಲೆ ಗೊಂದಲವಾಗುತ್ತದೆ’ ಎಂದು ಕನ್ನಡವನ್ನು ಬಿಡಿಸಲು ಹೊರಟವರಿಗೆ ಇದನ್ನು ತೋರಿಸಬಹುದು.

ಶಾಲೆಯ ಪಾಲು

ಮೇಲಿನ 14 ಅಂಶಗಳಲ್ಲಿ ಮೊದಲನೆಯದನ್ನು ಮತ್ತೊಮ್ಮೆ ನೋಡೋಣ: ಬಾಲ್ಯದಲ್ಲಿ ಶಿಕ್ಷಣದ ಕೊರತೆ. ಎಳೆತನದಲ್ಲಿ ಕಲಿತ ಮಿದುಳು ಮುಪ್ಪಿನ ಹಾನಿಯನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಹಾಗಾದರೆ ಗುಳೆಯ ಗಾಡಿ ಹತ್ತದೆ ಶಾಲೆಯಲ್ಲಿ ಉಳಿದ ಪ್ರತಿ ಮಗುವೂ, ವಿಶೇಷವಾಗಿ ಏಳನೆಯ ತರಗತಿಗೆ ಬಿಡಿಸದೆ ಓದಿಸಿದ ಪ್ರತಿ ಹೆಣ್ಣುಮಗುವೂ, ಐವತ್ತು ವರ್ಷಗಳ ಮುಂದಿನ ಮರೆವಿನ ವಿರುದ್ಧ ಕಟ್ಟಿದ ಒಡ್ಡು. ಗುಳೆಯ ಕಾಲದ ವಸತಿ ವ್ಯವಸ್ಥೆ, ತುಂಬದ ಶಿಕ್ಷಕ ಹುದ್ದೆಗಳು, ತಡವಾಗಿ ಬರುವ ಕನ್ನಡ ಪಠ್ಯಪುಸ್ತಕಗಳ ಬಗ್ಗೆ ಕನ್ನಡ ಮಾಧ್ಯಮದ ಪಾಲಕರು ಎತ್ತುತ್ತ ಬಂದಿರುವ ದೂರುಗಳನ್ನು ಆರೋಗ್ಯ ಇಲಾಖೆಯೂ ತನ್ನ ವಿಷಯವೆಂದು ಕೇಳಿಸಿಕೊಳ್ಳಬೇಕು.

ಶಾಲೆ ಇಂದಿನ ಹಿರಿಯರಿಗೂ ನೆರವಾಗಬಲ್ಲದು. ವಾರಕ್ಕೊಂದು ಸಂಜೆ ಶಾಲೆಯ ಅಂಗಳಕ್ಕೆ ಅಜ್ಜ ಅಜ್ಜಿಯರನ್ನು ಕರೆದು, ಅವರಿಂದ ಸೋಬಾನೆ ಪದ, ಒಗಟು, ಊರಿನ ಹಳೆಯ ಕಥೆಗಳನ್ನು ಮಕ್ಕಳು ಬರೆದುಕೊಳ್ಳಲಿ. ಮಕ್ಕಳು ಕನ್ನಡ ಪತ್ರಿಕೆಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ. ಅಂದೇ ಎ.ಎನ್.ಎಂ. ಬಂದು ಬಿ.ಪಿ. ನೋಡಲಿ. ಅಮೆರಿಕದ ಪ್ರಯೋಗದ 38 ಸಭೆಗಳು ನಮ್ಮಲ್ಲಿ ಒಂದು ಶಾಲಾ ವರ್ಷದೊಳಗೇ ಮುಗಿಯುತ್ತವೆ. ಕನ್ನಡ ಓದಬಲ್ಲ ಮೊಮ್ಮಕ್ಕಳು ಇರುವವರೆಗೆ ಮಾತ್ರ ಇದು ಸಾಧ್ಯ. ಕನ್ನಡ ಶಾಲೆ ಮುಚ್ಚಿದ ಊರಿನಲ್ಲಿ ಅಜ್ಜಿಯ ಕೊನೆಗಾಲದ ಭಾಷೆಯನ್ನು ಅರಿಯುವವರೂ ಕ್ರಮೇಣ ಇಲ್ಲವಾಗುತ್ತಾರೆ.

ಕೇಳಬೇಕಾದದ್ದು

ಇದು ಕೇವಲ ಮನೆಯವರ ಹೊಣೆಯಲ್ಲ. ಜಿಲ್ಲೆಯಲ್ಲಾಗಲಿ ಅದಕ್ಕಿಂತ ಕೆಳಗಿನ ಆಡಳಿತ ಘಟಕದಲ್ಲಾಗಲಿ ಜನಸಂಖ್ಯೆಯ ಶೇಕಡ 15 ಅಥವಾ ಹೆಚ್ಚು ಮಂದಿ ಆಡುವ ಅಲ್ಪಸಂಖ್ಯಾತ ಭಾಷೆಯಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಹೊರಡಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ದೇಶ ಒಪ್ಪಿಕೊಂಡಿರುವ ರಕ್ಷಣೆಗಳಲ್ಲಿ ಒಂದು. ಈ ಮಿತಿ ದಾಟುವ ಮಂಡಲಗಳಲ್ಲಿ ಆರೋಗ್ಯದ ಭಿತ್ತಿಪತ್ರ, ಮಾತ್ರೆಯ ಸೂಚನೆ, ತಪಾಸಣೆಯ ಪ್ರಶ್ನಾವಳಿ ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದು ಉಪಕಾರದ ಬೇಡಿಕೆಯಲ್ಲ. ಆ ಹಕ್ಕಿಗೆ ಆಧಾರ ಜನಗಣತಿಯ ಅಂಕಿ. 2027ರ ಜನಗಣತಿಯ ಗಣತಿದಾರರು ಮನೆಗೆ ಬಂದಾಗ ಮಾತೃಭಾಷೆಯ ಅಂಕಣದಲ್ಲಿ ಇದ್ದದ್ದನ್ನು ಇದ್ದಂತೆ ಬರೆಸುವುದು ಪ್ರತಿ ಕನ್ನಡ ಮನೆಯ ಕರ್ತವ್ಯ.

ಗಡಿಯಾಚೆಗಿನ ಕನ್ನಡ ಶಾಲೆಗಳಿಗೆ ನೆರವು ನೀಡುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕಟ್ಟಡದ ಜೊತೆಗೆ ಆರೋಗ್ಯ ತಿಳಿವಳಿಕೆಯ ಕನ್ನಡ ಸಾಮಗ್ರಿಯನ್ನೂ ತಲುಪಿಸಬಹುದು. ಆದವಾನಿಗೆ ಘೋಷಿತವಾದ ವೈದ್ಯಕೀಯ ಕಾಲೇಜನ್ನು ಸರ್ಕಾರ ನಡೆಸಬೇಕೋ ಖಾಸಗಿ ಸಹಭಾಗಿತ್ವದಲ್ಲಿ ನಡೆಸಬೇಕೋ ಎಂಬ ವಿವಾದ 2025ರಿಂದ ನಡೆಯುತ್ತಿದೆ. ಯಾರೇ ನಡೆಸಲಿ, ಅಲ್ಲಿ ಹಿರಿಯರ ನೆನಪಿನ ಚಿಕಿತ್ಸಾಲಯ ಇರಬೇಕು, ಅದು ಎರಡೂ ನುಡಿಗಳಲ್ಲಿ ನಡೆಯಬೇಕು ಎಂಬ ಬೇಡಿಕೆ ಈಗಲೇ ದಾಖಲಾಗಲಿ.

ಅಲ್ಲಿಯವರೆಗೆ ಮನೆಯವರು ತಿಳಿದಿರಬೇಕಾದ ಮಾತು ಇಷ್ಟು. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಎಲ್ಲರಿಗೂ ಉಂಟು. ಪರಿಚಿತ ದಾರಿಯಲ್ಲಿ ದಿಕ್ಕು ತಪ್ಪುವುದು, ದುಡ್ಡಿನ ಲೆಕ್ಕ ಕೈತಪ್ಪುವುದು, ನಿತ್ಯ ಮಾಡುವ ಅಡುಗೆಯ ಕ್ರಮವೇ ಮರೆಯುವುದು, ಸ್ವಭಾವವೇ ಬದಲಾಗುವುದು ಎಚ್ಚರಿಕೆಯ ಲಕ್ಷಣಗಳು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಆದಕಾರಣ ಪರೀಕ್ಷೆ ಮಾಡಿಸದೆ ತೀರ್ಪು ಕೊಡಬಾರದು. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವನ್ನೇ ಆರಿಸಬಹುದು.

ಅಜ್ಜಿ ಕೇಳಿದ್ದನ್ನೇ ಕೇಳುತ್ತಿದ್ದಾಳೆಂದು ಆ ಶಾಲಾ ಬಾಲಕಿ ಫೋನಿನಲ್ಲಿ ಹೇಳಿದಾಗ, ಗುಂಟೂರಿನ ಹೊಲದಲ್ಲಿರುವ ತಾಯಿ ‘ಅರಳು ಮರಳು’ ಎನ್ನದೆ ‘ನಾಳೆ ಆಶಾ ಅಕ್ಕನಿಗೆ ಹೇಳು, ಬಿ.ಪಿ. ಮಾತ್ರೆ ನುಂಗಿದ್ದಾರಾ ನೋಡು’ ಎಂದರೆ ತಡೆಯ ಕೆಲಸ ಅಲ್ಲಿಗೆ ಆರಂಭವಾದಂತೆ.